ಮೈಗೆ ಗೊತ್ತಾಗದ ವೇಗ

ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಾತನಾಡಿದ್ದರ ಬರಹ ರೂಪ ಇದು. ಕೇಳಲು ಬಂದವರಲ್ಲಿ ಒಂಬತ್ತನೇ ತರಗತಿಯ ಮಕ್ಕಳಿದ್ದರು, ಅವರನ್ನು ಕರೆತಂದ ಅಪ್ಪ ಅಮ್ಮಂದಿರಿದ್ದರು, ಬೆಳಗಿನ ವಾಕಿಂಗ್ ಮುಗಿಸಿ ಹಾಗೇ ಬಂದು ಕೂತ ಹಿರಿಯರೂ ಇದ್ದರು. ಮಾತಿನಲ್ಲಿ ಆಗಾಗ ಹಿಂದೆ ಮುಂದೆ ಹೋದದ್ದನ್ನು ಸ್ವಲ್ಪ ಸರಿಪಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಇಟ್ಟಿದ್ದೇನೆ.

ನಮ್ಮಪ್ಪ ಬಿ.ಟಿ.ಎಸ್. ಕಂಡಕ್ಟರ್ ಆಗಿದ್ದರು. ಬೆಂಗಳೂರಿನ ಸಿಟಿ ಬಸ್ಸು 1997ರಲ್ಲಿ ಬಿ.ಎಂ.ಟಿ.ಸಿ. ಆಗುವುದಕ್ಕೆ ಮೊದಲು ಅದಕ್ಕಿದ್ದ ಹೆಸರು ಅದು. ಮುಂದಿನ ಸಾಲಿನಲ್ಲಿ ಕೂತವರಿಗೆ ನೆನಪಿರುತ್ತದೆ. ರಜೆಯ ದಿನ ಒಮ್ಮೊಮ್ಮೆ ನನ್ನನ್ನೂ ಬಸ್ಸಿಗೆ ಹತ್ತಿಸಿಕೊಳ್ಳುತ್ತಿದ್ದರು. ಕಿಕ್ಕಿರಿದ ಬಸ್ಸಿನ ನಡುವೆ ಅವರು ನಿಲ್ಲುತ್ತಿದ್ದ ರೀತಿಯನ್ನೇ ನಾನು ನೋಡುತ್ತಿದ್ದೆ. ಎರಡೂ ಕೈಗೆ ಕೆಲಸ: ಒಂದರಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ. ಕಂಬಿ ಹಿಡಿಯುವ ಹಾಗಿಲ್ಲ. ಆದರೂ ಅವರು ಬಿದ್ದದ್ದನ್ನು ನಾನು ನೋಡಲಿಲ್ಲ. "ಹೋಲ್ಡಾನ್" ಎಂದು ಕೂಗುವ ಅರೆಗಳಿಗೆ ಮೊದಲೇ ಅವರ ಮೈ ಸ್ವಲ್ಪ ಹಿಂದಕ್ಕೆ ವಾಲಿರುತ್ತಿತ್ತು. "ರೈಟ್ ರೈಟ್" ಅನ್ನುವಾಗ ಮುಂದಕ್ಕೆ ವಾಲಿರುತ್ತಿತ್ತು.

ನನಗಾಗ ಎಂಟೋ ಒಂಬತ್ತೋ ವರ್ಷ. ಅವರಂತೆ ಕೈಬಿಟ್ಟು ನಿಲ್ಲುತ್ತೇನೆಂದು ನಿಂತೆ. ಡ್ರೈವರ್ ಬ್ರೇಕ್ ಹಾಕಿದರು, ನಾನು ಹೋಗಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಮ್ಮನ ಮೇಲೆ ಬಿದ್ದೆ. ಅಳುತ್ತಾ "ಬಸ್ಸು ನನ್ನನ್ನ ತಳ್ಳಿಬಿಡ್ತು" ಅಂದೆ. ಅಪ್ಪ ಎತ್ತಿ ನಿಲ್ಲಿಸಿ ಹೇಳಿದರು: "ಬಸ್ಸು ಯಾಕಮ್ಮ ತಳ್ಳುತ್ತೆ? ಅದು ನಿಂತ್ಕೊಳ್ತು. ನಿನ್ನ ಕಾಲೂ ಅದರ ಜೊತೆ ನಿಂತ್ಕೊಳ್ತು. ನೀನು ನಿಲ್ಲಲಿಲ್ಲ, ಅಷ್ಟೆ."

ಏಳನೇ ಕ್ಲಾಸಿಗೆ ಓದು ಬಿಟ್ಟ ಮನುಷ್ಯ ಹೇಳಿದ ಮಾತಿದು. ಮುಂದೆ ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದೆ. ಜಡತ್ವವನ್ನು, ಅಂದರೆ ನಿಂತದ್ದು ನಿಂತೇ ಇರುವ, ಹೋಗುತ್ತಿರುವುದು ಹೋಗುತ್ತಲೇ ಇರುವ ಗುಣವನ್ನು, ಇದಕ್ಕಿಂತ ಸರಿಯಾಗಿ ಹೇಳುವ ವಾಕ್ಯ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಗಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದೂ ಈ ವಾಕ್ಯದ ಸುತ್ತಲೇ ಇದೆ. ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆ ಅನ್ನುವುದು ನಮ್ಮ ಮೈಗೆ ಗೊತ್ತೇ ಆಗುವುದಿಲ್ಲ. ವೇಗ ಬದಲಾದರೆ ಮಾತ್ರ ಗೊತ್ತಾಗುತ್ತದೆ. ಚಲನೆಯ ಪಾಠ ಮಕ್ಕಳಿಗೆ ಕಷ್ಟವಾಗುವುದು ಸೂತ್ರಗಳಿಂದ ಅಲ್ಲವೆಂದು ನನಗೆ ಗಟ್ಟಿಯಾಗಿ ಅನಿಸಿದೆ. ಈ ಒಂದು ಸಂಗತಿಯನ್ನು ಮೊದಲ ದಿನವೇ ಹೇಳದೆ ಇರುವುದರಿಂದ ಕಷ್ಟವಾಗುತ್ತದೆ.

ಮೊದಲು ಪದಗಳ ವಿಚಾರ. ನಮ್ಮ ಮಾತಿನಲ್ಲಿ "ಜೋರು" ಅಂತ ಒಂದು ಪದ ಇದೆ. ಜೋರಾಗಿ ಓಡು ಅನ್ನುತ್ತೇವೆ, ಜೋರಾಗಿ ತಳ್ಳು ಅನ್ನುತ್ತೇವೆ, ಜೋರು ಮಳೆ, ಜೋರು ದನಿ, ಆ ಹುಡುಗಿ ಬಲು ಜೋರು. ಪಾರಸಿಯಿಂದ ಬಂದ ಈ ಪದದ ಮೂಲ ಅರ್ಥ ಬಲ. ಆದರೆ ಕನ್ನಡಕ್ಕೆ ಬಂದ ಮೇಲೆ ಬಲ, ವೇಗ ಎರಡನ್ನೂ ಅದೇ ಹೊತ್ತುಕೊಂಡಿತು. ಜೋರಾಗಿ ಹೋಗುತ್ತಿರುವುದರಲ್ಲಿ ಜೋರು ಇರಲೇಬೇಕಲ್ಲ ಎಂದು ಮನಸ್ಸು ತಾನಾಗಿ ನಂಬಿಬಿಡುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಹೇಳಿದ್ದೂ ಇದನ್ನೇ: ಚಲಿಸುತ್ತಿರುವ ವಸ್ತುವನ್ನು ಏನೋ ಒಂದು ಚಲಿಸುತ್ತಿರುವಂತೆ ಮಾಡುತ್ತಿರಬೇಕು.

ಇದನ್ನು ಇಲ್ಲೇ ಪರೀಕ್ಷೆ ಮಾಡೋಣ ಎಂದು ನಾನು ಒಂದು ನಿಂಬೆಹಣ್ಣು ತಂದಿದ್ದೆ. ಮೇಲಕ್ಕೆ ಎಸೆದು ಹಿಡಿದೆ. ಕೈಬಿಟ್ಟು ಮೇಲಕ್ಕೆ ಹೋಗುತ್ತಿರುವಾಗ ಅದರ ಮೇಲೆ ಯಾವ ಯಾವ ಬಲ ಇದೆ? ಮಕ್ಕಳ ಸಾಲಿನಿಂದ ಒಟ್ಟಿಗೆ ಉತ್ತರ ಬಂತು: "ನೀವು ಎಸೆದ ಬಲ, ಮೇಡಂ." ಆಮೇಲೆ ಯಾಕೆ ಕೆಳಗೆ ಬಂತು? "ಎಸೆದ ಬಲ ಖಾಲಿಯಾಯಿತು." ಮೂವತ್ತೊಂದು ವರ್ಷವೂ ನನ್ನ ತರಗತಿಯಲ್ಲಿ ಬಂದ ಉತ್ತರ ಇದೇ. ಮಕ್ಕಳನ್ನು ದೂರುವಂತಿಲ್ಲ, ಅದು ಬಹಳ ಸಹಜವಾದ ಯೋಚನೆ. ಆದರೆ ನನ್ನ ಕೈ ಬಿಟ್ಟ ಕ್ಷಣಕ್ಕೇ ನನ್ನ ಬಲ ಮುಗಿಯಿತು. ಆಮೇಲೆ ನಿಂಬೆಹಣ್ಣಿನ ಮೇಲೆ ಇರುವುದು ಭೂಮಿಯ ಸೆಳೆತ, ಗಾಳಿಯ ಅತಿ ಸಣ್ಣ ತಡೆ, ಇಷ್ಟೆ. ಅದು ಮೇಲಕ್ಕೆ ಹೋಗುತ್ತಿದ್ದದ್ದು ಮೇಲಕ್ಕೆ ಯಾರೋ ತಳ್ಳುತ್ತಿದ್ದರಿಂದ ಅಲ್ಲ, ಆಗಲೇ ಮೇಲಕ್ಕೆ ಹೋಗುತ್ತಿದ್ದರಿಂದ. ಬಸ್ಸು ನಿಂತರೂ ನಾನು ನಿಲ್ಲದೆ ಮುಂದೆ ಹೋದೆನಲ್ಲ, ಹಾಗೆ. ಬಲ ಬೇಕಾಗುವುದು ಚಲನೆಯನ್ನು ಬದಲಿಸಲು. 1687ರಲ್ಲಿ ನ್ಯೂಟನ್ ಮೊದಲನೆಯ ನಿಯಮವೆಂದು ಬರೆದಿಟ್ಟದ್ದು ಇದನ್ನು.

ಪಠ್ಯಪುಸ್ತಕದಲ್ಲಿ "ಜೋರು" ಇಲ್ಲ. ಅಲ್ಲಿ ಜವ, ವೇಗ, ವೇಗೋತ್ಕರ್ಷ ಎಂಬ ಮೂರು ಪದಗಳಿವೆ. ಒಂದು ಗಂಟೆಗೆ ಎಷ್ಟು ದೂರ ಅಂದರೆ ಜವ. ಯಾವ ದಿಕ್ಕಿಗೆ ಅನ್ನುವುದನ್ನೂ ಸೇರಿಸಿದರೆ ವೇಗ. ಆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು ವೇಗೋತ್ಕರ್ಷ. ಜವ ಅನ್ನುವ ಪದ ಮಕ್ಕಳ ಬಾಯಿಗೆ ಹತ್ತುವುದೇ ಇಲ್ಲ, ಯಾಕೆಂದರೆ ಮನೆಯಲ್ಲಿ ಯಾರೂ ಆಡುವುದಿಲ್ಲ. ನಮ್ಮ ಹಳ್ಳಿ ಕಡೆ ಜವ ಅಂದರೆ ಯಮ. ಯಮ ಅನ್ನುವುದರ ತದ್ಭವ ಅದು, ಜವರಾಯ ಅನ್ನುತ್ತೇವಲ್ಲ. ಓಟದ ಜವ ಬೇರೆ, ಸಂಸ್ಕೃತದಿಂದ ನೇರ ಬಂದದ್ದು. ಈ ಎರಡನ್ನು ಜೋಡಿಸಿ ಹೇಳಿದ ಮೇಲೆ ನನ್ನ ಮಕ್ಕಳು ಆ ಪದವನ್ನು ಮರೆಯುವುದು ನಿಂತಿತು.

ದೂರ ಮತ್ತು ಸ್ಥಾನಪಲ್ಲಟದ ವ್ಯತ್ಯಾಸಕ್ಕೆ ಹೆಚ್ಚು ಹೊತ್ತು ಬೇಡ. ಮನೆಯಿಂದ ಆಟೋ ಹತ್ತಿ ಗಾಂಧಿ ಬಜಾರಿಗೆ ಹೋಗಿ, ಹೂವು ಹಣ್ಣು ತೆಗೆದುಕೊಂಡು ಅದೇ ಆಟೋದಲ್ಲಿ ಮನೆಗೆ ಬಂದರೆ ನಿಮ್ಮ ಸ್ಥಾನಪಲ್ಲಟ ಸೊನ್ನೆ, ಹೊರಟಲ್ಲಿಗೇ ಬಂದಿರಿ. ಮೀಟರ್ ತೋರಿಸುವುದು ದೂರ. ಒನ್ ವೇಗಳಿರುವ ಊರಲ್ಲಿ ಈ ಎರಡರ ಅಂತರ ಎಲ್ಲರಿಗೂ ಗೊತ್ತೇ ಇದೆ.

ಹೆಚ್ಚು ಹೊತ್ತು ನಿಲ್ಲಬೇಕಾದ್ದು ಇನ್ನೊಂದು ಕಡೆ. ಸ್ಥಾನ ಬದಲಾಯಿತು ಅನ್ನುತ್ತೇವೆ, ಯಾವುದಕ್ಕೆ ಹೋಲಿಸಿ? ಲಾಲ್‌ಬಾಗಿನ ಬಂಡೆಯ ಮೇಲಿನ ಕೆಂಪೇಗೌಡ ಗೋಪುರಕ್ಕೆ ಹೋಲಿಸಿ ಅನ್ನಿ. ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ (gneiss) ಎಂಬ ಬಗೆಯ ಶಿಲೆ. ಬೆಂಗಳೂರಿನಲ್ಲಿ ಅದಕ್ಕಿಂತ ಅಲುಗಾಡದೆ ಇರುವುದು ಏನಿದೆ? ಆದರೆ ಆ ಬಂಡೆಯೂ, ಅದರ ಮೇಲೆ ಸಂಜೆ ಬಂದು ಕೂರುವ ಜನವೂ, ಇಡೀ ಭಾರತವನ್ನು ಹೊತ್ತ ಭೂಫಲಕದ (ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡಿನ) ಜೊತೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯದ ಕಡೆಗೆ ಸರಿಯುತ್ತಿದೆ. ಹಿಮಾಲಯ ಎದ್ದಿರುವುದೇ ಈ ಸರಿದಾಟದಿಂದ. ಇದಕ್ಕಿಂತ ದೊಡ್ಡದು ಭೂಮಿಯ ತಿರುಗಾಟ. ಬೆಂಗಳೂರು ಸಮಭಾಜಕದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ನೆಲ ಪೂರ್ವಕ್ಕೆ ಗಂಟೆಗೆ ಸುಮಾರು 1,630 ಕಿ.ಮೀ. ಜವದಲ್ಲಿ ಓಡುತ್ತಿದೆ. ಭೂಮಿ ಸೂರ್ಯನನ್ನು ಸುತ್ತುವುದು ಸೆಕೆಂಡಿಗೆ ಸುಮಾರು 30 ಕಿ.ಮೀ. ನಾನು ಈ ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ನಾವೆಲ್ಲ ಇಲ್ಲಿಂದ ಮೈಸೂರಿಗೆ ಹೋಗುವಷ್ಟು ದೂರ ಹೋಗಿ ಆಯಿತು. ಯಾರ ಕೈಯಲ್ಲಿದ್ದ ಕಾಫಿಯೂ ತುಳುಕಲಿಲ್ಲ.

ಹಾಗಾದರೆ "ಇದು ಚಲಿಸುತ್ತಿದೆಯೇ, ನಿಂತಿದೆಯೇ" ಎಂಬ ಪ್ರಶ್ನೆಗೆ "ಯಾರು ನೋಡುತ್ತಿದ್ದಾರೆ" ಅನ್ನುವುದನ್ನು ಸೇರಿಸದೆ ಉತ್ತರವೇ ಇಲ್ಲ. ಮೆಜೆಸ್ಟಿಕ್‌ನ ರೈಲ್ವೆ ಸ್ಟೇಷನ್ನಿನಲ್ಲಿ ಕೂತಾಗ ಪಕ್ಕದ ಗಾಡಿ ಹೊರಟರೆ ನಮ್ಮದೇ ಹೊರಟಂತೆ ಆಗುತ್ತದಲ್ಲ. ಪ್ಲಾಟ್‌ಫಾರಂ ಕಡೆ ನೋಡಿದ ಮೇಲೆಯೇ ಯಾವ ಗಾಡಿ ಹೊರಟಿತು ಅನ್ನುವುದು ಇತ್ಯರ್ಥವಾಗುತ್ತದೆ. ಕಣ್ಣು ಹೋಲಿಕೆಗೆ ಏನೋ ಒಂದನ್ನು ಹುಡುಕುತ್ತದೆ, ಸಿಕ್ಕಿದ್ದನ್ನು ನಿಂತಿದೆ ಎಂದುಕೊಳ್ಳುತ್ತದೆ.

ಈ ಮಾತನ್ನು ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಒಬ್ಬ ಬರೆದಿಟ್ಟಿದ್ದಾನೆ. ಆರ್ಯಭಟ, ಕ್ರಿ.ಶ. 499. ಮುಂದಕ್ಕೆ ಹೋಗುತ್ತಿರುವ ದೋಣಿಯಲ್ಲಿ ಕೂತವನಿಗೆ ದಡದಲ್ಲಿ ಕದಲದೆ ನಿಂತದ್ದೆಲ್ಲ ಹಿಂದಕ್ಕೆ ಹೋಗುವಂತೆ ಕಾಣುತ್ತದೆ. ಹಾಗೆಯೇ ಕದಲದ ನಕ್ಷತ್ರಗಳು ಲಂಕೆಯಲ್ಲಿ ನಿಂತವನಿಗೆ ನೇರ ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ ಎಂದ. ಲಂಕೆ ಎಂದರೆ ಅವರ ಲೆಕ್ಕದಲ್ಲಿ ಸಮಭಾಜಕದ ಮೇಲಿನ ಒಂದು ಸ್ಥಳ. ತಿರುಗುತ್ತಿರುವುದು ಆಕಾಶವಲ್ಲ, ನಾವು.

ಅದಕ್ಕೆ ಬಂದ ವಿರೋಧ ನನಗೆ ಅಷ್ಟೇ ಮುಖ್ಯ. ಆರನೇ ಶತಮಾನದಲ್ಲಿ ವರಾಹಮಿಹಿರ ಕೇಳಿದ: ಭೂಮಿ ತಿರುಗುತ್ತಿದ್ದರೆ ಆಕಾಶಕ್ಕೆ ಹಾರಿದ ಗಿಡುಗ ಮತ್ತೆ ತನ್ನ ಗೂಡಿಗೆ ಬರುವುದು ಹೇಗೆ? ಗೂಡಿರುವ ಮರ ಅಷ್ಟರಲ್ಲಿ ಎಲ್ಲಿಗೋ ಹೋಗಿಬಿಟ್ಟಿರುವುದಿಲ್ಲವೇ? ಇದು ಒಳ್ಳೆಯ ಪ್ರಶ್ನೆ. ನಮ್ಮ ಊರಿನ ಆಕಾಶದಲ್ಲಿ ಹದ್ದು ಸುತ್ತುವುದನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಹದ್ದು ಕೊಂಬೆ ಬಿಟ್ಟು ಮೇಲೇರಿ ಒಂದು ನಿಮಿಷ ತೇಲಿದರೆ ಅಷ್ಟರಲ್ಲಿ ಮರ 27 ಕಿ.ಮೀ. ಪೂರ್ವಕ್ಕೆ ಹೋಗಿರುತ್ತದೆ. ಲೆಕ್ಕ ಸರಿಯೇ. ಲೆಕ್ಕದಲ್ಲಿ ಬಿಟ್ಟುಹೋದದ್ದು ಒಂದೇ: ಹದ್ದು ಕೊಂಬೆಯ ಮೇಲಿದ್ದಾಗಲೇ ಮರದ ಜೊತೆ ಅದೇ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿತ್ತು. ಅದರ ಸುತ್ತಲಿನ ಗಾಳಿಯೂ ಹೋಗುತ್ತಿತ್ತು. ಹಾರಿದಾಗ ಆ ವೇಗವನ್ನು ಕೊಂಬೆಯ ಮೇಲೆ ಬಿಟ್ಟುಬರಲಿಲ್ಲ. "ನಿನ್ನ ಕಾಲು ನಿಂತಿತು, ನೀನು ನಿಲ್ಲಲಿಲ್ಲ" ಎಂಬ ಅಪ್ಪನ ಮಾತು ಇಲ್ಲಿಗೂ ಉತ್ತರ. ಈ ಉತ್ತರ ಸ್ಪಷ್ಟವಾಗಿ ಬರಲು ಇನ್ನೂ ಸಾವಿರ ವರ್ಷ ಹಿಡಿಯಿತು. 1632ರಲ್ಲಿ ಗೆಲಿಲಿಯೋ ಒಂದು ಹಡಗಿನ ಒಳಕೋಣೆಯನ್ನು ಕಲ್ಪಿಸಿಕೊಳ್ಳಲು ಹೇಳಿದ. ಕಿಟಕಿ ಇಲ್ಲ, ಮೇಲೆ ತೂಗುಹಾಕಿದ ಪಾತ್ರೆಯಿಂದ ನೀರು ತೊಟ್ಟಿಕ್ಕಿ ಕೆಳಗಿನ ಪಾತ್ರೆಗೆ ಬೀಳುತ್ತಿದೆ. ಹಡಗು ನಿಂತಿರಲಿ, ಒಂದೇ ವೇಗದಲ್ಲಿ ನೇರ ಸಾಗುತ್ತಿರಲಿ, ಹನಿ ಅದೇ ಪಾತ್ರೆಗೆ ಬೀಳುತ್ತದೆ. ಒಳಗೆ ಕೂತು ಏನು ಪ್ರಯೋಗ ಮಾಡಿದರೂ ಹಡಗು ಹೋಗುತ್ತಿದೆಯೋ ನಿಂತಿದೆಯೋ ಹೇಳಲಾಗದು.

ನಮಗೆ ಹಡಗು ಬೇಡ, ಮೆಟ್ರೋ ಇದೆ. ಗಾಡಿ ಪೂರ್ತಿ ವೇಗ ಹಿಡಿದು ನೇರ ಹೋಗುತ್ತಿರುವಾಗ ಒಂದು ನಾಣ್ಯವನ್ನು ಚಿಮ್ಮಿಸಿ ನೋಡಿ. ಅದು ಗಾಳಿಯಲ್ಲಿರುವ ಅರ್ಧ ಸೆಕೆಂಡಿನಲ್ಲಿ ಗಾಡಿ 11 ಮೀಟರ್ ಮುಂದೆ ಹೋಗಿರುತ್ತದೆ. ನಾಣ್ಯ ನಿಮ್ಮ ಅಂಗೈಗೇ ಬೀಳುತ್ತದೆ. ನಿಮ್ಮ ಕಣ್ಣಿಗೆ ಅದು ನೆಟ್ಟಗೆ ಮೇಲೆ ಹೋಗಿ ಕೆಳಗೆ ಬಂತು. ಕೆಳಗೆ ರಸ್ತೆಯಲ್ಲಿ ನಿಂತು ಗಾಜಿನೊಳಗೆ ನೋಡಬಲ್ಲವರಿದ್ದರೆ ಅವರಿಗೆ ಅದೇ ನಾಣ್ಯ 11 ಮೀಟರ್ ಉದ್ದದ ಒಂದು ಕಮಾನು ಬರೆಯಿತು. ಯಾರು ಕಂಡದ್ದು ನಿಜ? ಇಬ್ಬರೂ ಕಂಡದ್ದು ನಿಜ. ಇದನ್ನು ಮಕ್ಕಳು ಒಪ್ಪಿಕೊಂಡ ದಿನ ಪಾಠದ ಅರ್ಧ ಮುಗಿಯಿತೆಂದೇ ನಾನು ತಿಳಿಯುತ್ತಿದ್ದೆ.

ಇಲ್ಲಿ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ಮೆಟ್ರೋ 80 ಕಿಲೋಮೀಟರ್ ಸ್ಪೀಡಲ್ಲಿ ಹೋಗುತ್ತೆ ಅಂತಾರೆ. ಮತ್ತೆ ವೈಟ್‌ಫೀಲ್ಡ್‌ಗೆ ಹೋಗೋಕೆ ಅಷ್ಟು ಹೊತ್ತು ಯಾಕೆ ಬೇಕು?"

ಅವನಿಗೆ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗ ಸುಮಾರು 43.5 ಕಿ.ಮೀ., 37 ನಿಲ್ದಾಣ. ಅಂದರೆ ನಡುವೆ 36 ಅಂತರಗಳು, ಒಂದೊಂದು ಸರಾಸರಿ 1,200 ಮೀಟರ್. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಲೆಕ್ಕ ಸುಲಭವಾಗಲೆಂದು, ಗಾಡಿ ಹೊರಡುವಾಗ ಒಂದೊಂದು ಸೆಕೆಂಡಿಗೂ ಅದರ ವೇಗ ಸೆಕೆಂಡಿಗೆ ಒಂದು ಮೀಟರಿನಷ್ಟು ಏರುತ್ತದೆ ಎಂದಿಟ್ಟುಕೊಳ್ಳೋಣ. ಸೊನ್ನೆಯಿಂದ 22ಕ್ಕೆ ಏರಲು 22 ಸೆಕೆಂಡ್ ಬೇಕು. ಆ ಹೊತ್ತಿನ ಸರಾಸರಿ 11, ಹಾಗಾಗಿ ಅಷ್ಟರಲ್ಲಿ ಹೋದ ದೂರ 242 ಮೀಟರ್. ಇಳಿಸಲೂ ಅಷ್ಟೇ ಹೊತ್ತು, ಅಷ್ಟೇ ದೂರ. ಪೂರ್ತಿ ವೇಗದಲ್ಲಿ ಓಡಲು ಉಳಿಯುವುದು ಸುಮಾರು 716 ಮೀಟರ್, ಅದಕ್ಕೆ 32 ಸೆಕೆಂಡ್ ಸಾಕು. ಒಟ್ಟು 76 ಸೆಕೆಂಡ್. ಬಾಗಿಲು ತೆರೆದು ಮುಚ್ಚಲು ಅರ್ಧ ನಿಮಿಷ ಸೇರಿಸಿ. 1,200 ಮೀಟರಿಗೆ 106 ಸೆಕೆಂಡ್, ಅಂದರೆ ಗಂಟೆಗೆ ಸುಮಾರು 41 ಕಿ.ಮೀ. ಎಲ್ಲೂ ತಡವಾಗದೆ, ತಿರುವಿನಲ್ಲಿ ನಿಧಾನವಾಗದೆ ಹೋದರೂ ಸರಾಸರಿ ಅರ್ಧಕ್ಕೆ ಇಳಿಯಿತು. ಆ ಹುಡುಗ ಪೆನ್ನು ತೆಗೆದು ಕೈ ಮೇಲೇ ಬರೆದುಕೊಂಡ. ಒಂದು ಕ್ಷಣದ ವೇಗ, ಇಡೀ ಪಯಣದ ಸರಾಸರಿ: ಇವೆರಡು ಬೇರೆ ಎಂದು ವ್ಯಾಖ್ಯೆ ಬಾಯಿಪಾಠ ಮಾಡಿಸುವ ಬದಲು ಇಂಥದೊಂದು ಲೆಕ್ಕ ಕೊಟ್ಟರೆ ಸಾಕು.

ಈ 76 ಸೆಕೆಂಡಿನಲ್ಲಿ ಮೈಗೆ ಏನೇನು ಗೊತ್ತಾಯಿತು ಅಂತ ನೋಡಿ. ಮೊದಲ 22 ಸೆಕೆಂಡ್ ಹಿಂದಕ್ಕೆ ಎಳೆದಂತಾಯಿತು. ಕೊನೆಯ 22 ಸೆಕೆಂಡ್ ಮುಂದಕ್ಕೆ ತಳ್ಳಿದಂತಾಯಿತು. ನಡುವಿನ 32 ಸೆಕೆಂಡ್, ಅತಿ ಹೆಚ್ಚು ವೇಗದಲ್ಲಿದ್ದಾಗ, ಏನೂ ಇಲ್ಲ. ಜನ ಕಂಬಿ ಬಿಟ್ಟು ಮೊಬೈಲ್ ನೋಡುತ್ತಿರುತ್ತಾರೆ.

ಯಾಕೆ ಹೀಗೆ ಅಂದರೆ ನಮ್ಮ ಒಳಕಿವಿಯಲ್ಲಿರುವ ಸಾಧನ ಅಂಥದ್ದು. ಅಲ್ಲಿ ಲೋಳೆಯಂಥ ಒಂದು ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಹರಳುಗಳು ಕೂತಿವೆ. ಪದರದ ಕೆಳಗೆ ಸೂಕ್ಷ್ಮ ಕೂದಲುಗಳಿರುವ ಜೀವಕೋಶಗಳು. ತಲೆ ಮುಂದಕ್ಕೆ ವೇಗ ಪಡೆದರೆ ಹರಳುಗಳು ತುಸು ಹಿಂದೆ ಉಳಿಯುತ್ತವೆ, ಕೂದಲು ಬಾಗುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ವೇಗ ಒಂದೇ ಸಮವಾದ ಮೇಲೆ ಹರಳು ತನ್ನ ಜಾಗಕ್ಕೆ ಮರಳುತ್ತದೆ, ಸುದ್ದಿ ನಿಲ್ಲುತ್ತದೆ. ಕಿವಿಯೊಳಗೆ ಒಬ್ಬ ಪುಟ್ಟ ಬಸ್ ಪ್ರಯಾಣಿಕ ನಿಂತಿದ್ದಾನೆ ಎಂದುಕೊಳ್ಳಿ.

ನಿಮ್ಮ ಜೇಬಿನ ಫೋನಿನಲ್ಲೂ ಇಂಥದ್ದೇ ಇದೆ. ಸಿಲಿಕಾನಿನಲ್ಲಿ ಕೊರೆದ ಒಂದು ಪುಟ್ಟ ತುಂಡು, ಸಿಲಿಕಾನಿನದೇ ಸ್ಪ್ರಿಂಗ್‌ಗಳಿಗೆ ಕಟ್ಟಿರುತ್ತದೆ. ಅದು ಎಷ್ಟು ಸರಿಯಿತು ಎಂದು ಚಿಪ್ ಅಳೆಯುತ್ತದೆ. ಫೋನನ್ನು ಅಡ್ಡ ತಿರುಗಿಸಿದಾಗ ಪರದೆಯೂ ತಿರುಗುವುದು ಇದರಿಂದಲೇ. ಇದರ ಅಳತೆಯನ್ನು ತೋರಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಒಂದನ್ನು ತೆರೆದು ಫೋನನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟೆ. ಗುರುತ್ವವನ್ನು ಕಳೆಯದ ಅಳತೆಯಲ್ಲಿ ಅದು 9.8ರ ಆಸುಪಾಸು ತೋರಿಸಿತು. ಆಮೇಲೆ ರೆಕಾರ್ಡ್ ಒತ್ತಿ, ಒಂದು ಮೀಟರ್ ಎತ್ತರದಿಂದ ಮಡಚಿಟ್ಟ ಹಾಸಿಗೆಯ ಮೇಲೆ ಬೀಳಿಸಿದೆ. ಮುಂದಿನ ಸಾಲಿನ ಒಬ್ಬ ಅಜ್ಜಿ "ಅಯ್ಯೋ" ಅಂದರು. ಗೆರೆ ನೋಡಿದರೆ, ಬೀಳುತ್ತಿದ್ದ ಆ ಅರೆ ಸೆಕೆಂಡಿನಷ್ಟು ಹೊತ್ತು ಅಳತೆ ಸೊನ್ನೆಯ ಹತ್ತಿರ!

ಸುಮ್ಮನಿದ್ದಾಗ 9.8, ಬೀಳುವಾಗ ಸೊನ್ನೆ. ತಿರುಗುಮುರುಗಾಗಿದೆ ಅನಿಸುತ್ತದಲ್ಲವೇ? ಆ ಚಿಪ್ ಅಳೆಯುವುದು ಯಾರೋ ತನ್ನನ್ನು ಒತ್ತುತ್ತಿರುವುದನ್ನು. ಮೇಜಿನ ಮೇಲಿದ್ದಾಗ ಮೇಜು ಕೆಳಗಿನಿಂದ ಒತ್ತುತ್ತಿತ್ತು. ಬೀಳುವಾಗ ಫೋನೂ ಬೀಳುತ್ತಿತ್ತು, ಅದರೊಳಗಿನ ತುಂಡೂ ಅದೇ ಪ್ರಮಾಣದಲ್ಲಿ ಬೀಳುತ್ತಿತ್ತು, ಸ್ಪ್ರಿಂಗ್ ಎಳೆಯಲೂ ಇಲ್ಲ, ಒತ್ತಲೂ ಇಲ್ಲ. ನಾವು "ಭಾರ" ಎಂದು ಅನುಭವಿಸುವುದೂ ಕುರ್ಚಿ ಕೆಳಗಿನಿಂದ ಒತ್ತುವುದನ್ನೇ. ಲಿಫ್ಟ್ ಕೆಳಕ್ಕೆ ಹೊರಟಾಗ ಒಂದು ಗಳಿಗೆ ಹಗುರ ಅನಿಸುವುದು ಇದಕ್ಕೆ.

ಫೋನ್ ಬೇಡದ ಇನ್ನೊಂದು ಪ್ರಯೋಗ ಹೇಳುತ್ತೇನೆ, ಮಕ್ಕಳು ಇವತ್ತೇ ಮಾಡಬಹುದು. ನೀರಿನ ಬಾಟಲಿಯಲ್ಲಿ ಒಂದು ಸಣ್ಣ ಗುಳ್ಳೆಯಷ್ಟು ಗಾಳಿ ಬಿಟ್ಟು ಮುಚ್ಚಳ ಹಾಕಿ, ಮೆಟ್ರೋದಲ್ಲಿ ಗಾಡಿಯ ದಿಕ್ಕಿಗೆ ಅಡ್ಡಡ್ಡ ಮಲಗಿಸಿ ಹಿಡಿಯಿರಿ ಅಂದೆ. ಹಾಗಂದ ಕೂಡಲೇ ತಿದ್ದಿದೆ: ಅಡ್ಡ ಅಲ್ಲ, ಗಾಡಿಯ ಉದ್ದಕ್ಕೆ. ಗಾಡಿ ಹೊರಟಾಗ ನೀವು ಹಿಂದಕ್ಕೆ ವಾಲುತ್ತೀರಿ. ಗುಳ್ಳೆ? ಸಭೆಯಲ್ಲಿ ಬಹುತೇಕ ಎಲ್ಲರೂ "ಹಿಂದಕ್ಕೆ" ಅಂದರು. ಗುಳ್ಳೆ ಮುಂದಕ್ಕೆ ಓಡುತ್ತದೆ. ಹಿಂದೆ ಉಳಿಯುವುದು ನೀರು, ಅದು ಭಾರ; ನೀರು ಹಿಂದೆ ತುಂಬಿಕೊಂಡಾಗ ಗಾಳಿಗೆ ಜಾಗ ಉಳಿಯುವುದು ಮುಂದೆ. ಬ್ರೇಕ್ ಹಾಕಿದಾಗ ನೀವು ಮುಂದಕ್ಕೆ, ಗುಳ್ಳೆ ಹಿಂದಕ್ಕೆ. ಪೂರ್ತಿ ವೇಗದಲ್ಲಿ ಓಡುವಾಗ ಅದು ನಡುವೆ ಸುಮ್ಮನೆ ನಿಲ್ಲುತ್ತದೆ, ಸ್ಟೇಷನ್ನಿನಲ್ಲಿ ನಿಂತಾಗ ಇದ್ದ ಹಾಗೆಯೇ. ಅರ್ಧ ತುಂಬಿದ ಬಾಟಲಿಯಾದರೆ, ನಾವು ಲೆಕ್ಕದಲ್ಲಿಟ್ಟುಕೊಂಡ ಆ ಏರಿಕೆಗೆ ನೀರಿನ ಮಟ್ಟ ಸುಮಾರು 6 ಡಿಗ್ರಿ ಓರೆಯಾಗುತ್ತದೆ.

ಬೀಳುವುದರ ಮಾತು ಬಂದಿದ್ದರಿಂದ ರಂಗೋಲಿಗೆ ಬರುತ್ತೇನೆ. ಬೋರ್ಡಿನ ಮೇಲೆ ಚುಕ್ಕಿ ಇಟ್ಟೆ: ಮೊದಲ ಸಾಲಿಗೆ 1, ಎರಡನೆಯದಕ್ಕೆ 3, ಮೂರನೆಯದಕ್ಕೆ 5, ನಾಲ್ಕನೆಯದಕ್ಕೆ 7. ನೇರ ಚುಕ್ಕಿಯ ರಂಗೋಲಿ ಇಡುವವರಿಗೆ ಇದು ಕೈಯಲ್ಲೇ ಇರುತ್ತದೆ. ಒಟ್ಟು ಎಷ್ಟಾಯಿತು? ಒಂದು ಸಾಲಿಗೆ 1, ಎರಡು ಸಾಲಿಗೆ 4, ಮೂರಕ್ಕೆ 9, ನಾಲ್ಕಕ್ಕೆ 16. ಸಾಲಿನ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವಷ್ಟು.

ಈಗ 65 ಅಡಿ ಎತ್ತರದ ತೆಂಗಿನ ಮರದಿಂದ ಒಂದು ಕಾಯಿ ಬೀಳುತ್ತದೆ ಅನ್ನಿ. ಬೆಂಗಳೂರಿನಲ್ಲಿ ಬೀಳುವ ವಸ್ತುವಿನ ವೇಗ ಒಂದೊಂದು ಸೆಕೆಂಡಿಗೂ ಸೆಕೆಂಡಿಗೆ 9.78 ಮೀಟರಿನಷ್ಟು ಏರುತ್ತದೆ. ಮೊದಲ ಅರ್ಧ ಸೆಕೆಂಡಿನಲ್ಲಿ ಅದು ಇಳಿಯುವುದು ಸುಮಾರು 1.2 ಮೀಟರ್, ಅದನ್ನು ಒಂದು ಚುಕ್ಕಿ ಎಂದುಕೊಳ್ಳಿ. ಮುಂದಿನ ಅರ್ಧ ಸೆಕೆಂಡಿನಲ್ಲಿ 3 ಚುಕ್ಕಿ, ಆಮೇಲೆ 5, ಆಮೇಲೆ 7. ಎರಡು ಸೆಕೆಂಡಿಗೆ 16 ಚುಕ್ಕಿ, ಸುಮಾರು 19.6 ಮೀಟರ್, ಅಂದರೆ 64 ಅಡಿ. ಕಾಯಿ ನೆಲದ ಹತ್ತಿರ ಬಂತು. ಆಗ ಅದರ ಜವ ಗಂಟೆಗೆ 70 ಕಿ.ಮೀ. ಮುಟ್ಟಿರುತ್ತದೆ. ಗೆಲಿಲಿಯೋ ಇದನ್ನು ಕಂಡದ್ದು ಇಳಿಜಾರು ಹಲಗೆಯಲ್ಲಿ ಕೊರೆದ ತೋಡಿನಲ್ಲಿ ಗುಂಡು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಹೊತ್ತನ್ನು ಅಳೆದು. ಸೆಕೆಂಡು ತೋರಿಸುವ ಗಡಿಯಾರ ಅವನಿಗಿರಲಿಲ್ಲ. 1638ರಲ್ಲಿ ಅದನ್ನು ಪ್ರಕಟಿಸಿದ. ಬೆಸಸಂಖ್ಯೆಗಳ ಈ ಸಾಲು ನಮ್ಮ ಅಂಗಳದಲ್ಲಿ ದಿನಾ ಬೆಳಿಗ್ಗೆ ಬೀಳುತ್ತಿದ್ದರೂ ನನಗೆ ಈ ಎರಡು ಒಂದೇ ಎಂದು ಹೊಳೆದದ್ದು ಪಾಠ ಶುರುಮಾಡಿ ಹತ್ತು ವರ್ಷದ ಮೇಲೆ, ನನ್ನ ಅತ್ತೆ ಹಬ್ಬದ ದಿನ ಚುಕ್ಕಿ ಎಣಿಸುವಾಗ.

ಇದೇ ಲೆಕ್ಕ ತಿರುಗಿ ರಸ್ತೆಗೆ ಬರುತ್ತದೆ, ಅಲ್ಲಿ ಅದು ಜೀವದ ಪ್ರಶ್ನೆ. ಬ್ರೇಕ್ ಹಾಕಿದ ಮೇಲೆ ಗಾಡಿ ಎಷ್ಟು ದೂರ ಹೋಗಿ ನಿಲ್ಲುತ್ತದೆ? ಗಂಟೆಗೆ 30 ಕಿ.ಮೀ.ನಲ್ಲಿದ್ದರೆ, ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ, ಸುಮಾರು 7 ಮೀಟರ್. 60ರಲ್ಲಿದ್ದರೆ 14 ಅಲ್ಲ, 28. ಜವ ಇಮ್ಮಡಿಯಾದರೆ ದೂರ ನಾಲ್ಕುಪಟ್ಟು. ಎದುರಿಗೆ ಏನೋ ಬಂತೆಂದು ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನ ದೂರವನ್ನೂ ಸೇರಿಸಿದರೆ 30ರಲ್ಲಿ ಒಟ್ಟು 15 ಮೀಟರ್, 60ರಲ್ಲಿ 45. ಮಳೆ ಬಂದು ರಸ್ತೆ ಜಾರುತ್ತಿದ್ದರೆ ಇನ್ನೂ ಹೆಚ್ಚು. ಹೊಸದಾಗಿ ಸ್ಕೂಟರ್ ಹಿಡಿಯುವ ಮಕ್ಕಳ ಅಪ್ಪ ಅಮ್ಮ ಈ ಎರಡು ಸಂಖ್ಯೆಗಳನ್ನು ಮನೆಗೆ ತೆಗೆದುಕೊಂಡು ಹೋಗಬೇಕೆಂದು ಕೈಮುಗಿದು ಕೇಳಿಕೊಂಡೆ.

ಮಳೆಯನ್ನೂ ಹೇಳಿಬಿಡುತ್ತೇನೆ. ಎರಡು ಕಿ.ಮೀ. ಎತ್ತರದಿಂದ ಬೀಳುವ ಹನಿ ರಂಗೋಲಿಯ ಲೆಕ್ಕದಲ್ಲೇ ವೇಗ ಹೆಚ್ಚಿಸಿಕೊಳ್ಳುತ್ತಾ ಬಂದರೆ ನಮ್ಮ ತಲೆಗೆ ಗಂಟೆಗೆ 700 ಕಿ.ಮೀ.ನಲ್ಲಿ ಬಡಿಯಬೇಕು. ಹಾಗೆ ಆಗುವುದಿಲ್ಲ. ಜವ ಹೆಚ್ಚಿದಂತೆ ಗಾಳಿಯ ತಡೆ ಹೆಚ್ಚುತ್ತದೆ. ಒಂದು ಹಂತದಲ್ಲಿ ತಡೆ ಮತ್ತು ಭೂಮಿಯ ಸೆಳೆತ ಸಮಸಮ ಆಗುತ್ತವೆ. ಆಮೇಲೆ ಹನಿಯ ಮೇಲೆ ಉಳಿಯುವ ಒಟ್ಟು ಬಲ ಸೊನ್ನೆ, ಅದು ಒಂದೇ ವೇಗದಲ್ಲಿ ಇಳಿಯುತ್ತದೆ. ದಪ್ಪ ಹನಿಯಾದರೆ ಸೆಕೆಂಡಿಗೆ 8–9 ಮೀಟರ್. ನಮ್ಮ "ಜೋರು ಮಳೆ"ಯ ಪ್ರತಿಯೊಂದು ಹನಿಯೂ ಯಾವ ಜೋರೂ ಉಳಿಯದೆ ಓಡುತ್ತಿದೆ. ಬಲ ಸೊನ್ನೆಯಾದರೂ ಚಲನೆ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಆ ಮಳೆಯಲ್ಲಿ ನೀವು ಗಂಟೆಗೆ 30 ಕಿ.ಮೀ.ನಲ್ಲಿ ಸ್ಕೂಟರ್ ಓಡಿಸಿದರೆ ನಿಮ್ಮ ಜವವೂ ಸೆಕೆಂಡಿಗೆ 8 ಮೀಟರ್. ನೆಟ್ಟಗೆ ಬೀಳುವ ಮಳೆ ನಿಮಗೆ 45 ಡಿಗ್ರಿ ಓರೆಯಾಗಿ ಮುಖಕ್ಕೇ ಹೊಡೆಯುತ್ತದೆ. ಬಸ್ ಸ್ಟಾಪಿನಲ್ಲಿ ನಿಂತವರಿಗೆ ಅದೇ ಮಳೆ ನೆಟ್ಟಗೆ.

ಪ್ರಶ್ನೆಗಳ ಹೊತ್ತಿಗೆ ಒಬ್ಬ ಹುಡುಗಿ ಕೇಳಿದಳು: "ಫ್ಲೈಓವರ್ ತಿರುವಿನಲ್ಲಿ ಬಸ್ಸು ಒಂದೇ ಸ್ಪೀಡಲ್ಲಿ ಹೋಗ್ತಿದ್ರೂ ಪಕ್ಕದವರ ಮೇಲೆ ವಾಲ್ತೀವಲ್ಲ ಮೇಡಂ, ಸ್ಪೀಡ್ ಬದಲಾಗಿಲ್ವಲ್ಲ?" ಜವ ಬದಲಾಗಿಲ್ಲ, ದಿಕ್ಕು ಬದಲಾಗಿದೆ, ಹಾಗಾಗಿ ವೇಗ ಬದಲಾಗಿದೆ. ಜವ ಮತ್ತು ವೇಗ ಎಂದು ಎರಡು ಪದ ಯಾಕೆ ಬೇಕು ಅನ್ನುವುದಕ್ಕೆ ಈ ಹುಡುಗಿಯ ಪ್ರಶ್ನೆಯೇ ಉತ್ತರ. ಮೈ ನೇರ ಹೋಗುತ್ತಿತ್ತು, ಬಸ್ಸು ತಿರುಗಿತು. ಅವಳು ಅಲ್ಲಿಗೆ ಬಿಡಲಿಲ್ಲ: "ಹಾಗಾದರೆ ಭೂಮಿ ತಿರುಗೋದೂ ನಮಗೆ ಗೊತ್ತಾಗಬೇಕಲ್ಲ?" ಸರಿಯಾಗಿ ಹಿಡಿದಳು. ಭೂಮಿಯ ಜೊತೆ ನಾವು ಹೋಗುವುದು ನೇರ ಅಲ್ಲ, ಸುತ್ತು. ಆದರೆ ಆ ಸುತ್ತಿಗೆ ಒಂದು ಇಡೀ ದಿನ ಬೇಕು, ದಿಕ್ಕು ಅಷ್ಟು ನಿಧಾನವಾಗಿ ಬದಲಾಗುತ್ತದೆ. ಲೆಕ್ಕ ಹಾಕಿದರೆ ಅದು ಗುರುತ್ವದ ಸುಮಾರು ಮುನ್ನೂರರಲ್ಲಿ ಒಂದು ಪಾಲು. ಮೈಗೆ ತಿಳಿಯದು, ಉಪಕರಣಗಳಿಗೆ ತಿಳಿಯುತ್ತದೆ.

ಕೊನೆಗೆ ನಾನು ಹೇಳಿದ್ದು ಅಪ್ಪ ಕೇಳಿದ ಒಂದು ಪ್ರಶ್ನೆ. ಅವರು ನಿವೃತ್ತರಾಗಿ, ನಾನು ಪಾಠ ಮಾಡಲು ಶುರುಮಾಡಿದ್ದ ಕಾಲ. ಒಂದು ಸಂಜೆ ಕೇಳಿದರು: "ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ಹೋಗುತ್ತೆ, ಸರಿ. ಆದರೆ ಬಸ್ಸು ಪೂರ್ತಿ ನಿಲ್ಲೋ ಆ ಕೊನೇ ಗಳಿಗೇಲಿ ಒಂದ್ಸಲ ಹಿಂದಕ್ಕೆ ಜರ್ಕ್ ಹೊಡೆಯುತ್ತಲ್ಲ, ಅದು ಯಾಕಮ್ಮ? ಆಗ ಯಾರೂ ಏನೂ ಮಾಡಿರಲ್ವಲ್ಲ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಹೇಳಿದೆ. ಬ್ರೇಕ್ ಹಿಡಿದಷ್ಟು ಹೊತ್ತೂ ನಾವು ಮುಂದೆ ಬೀಳದ ಹಾಗೆ ಕಾಲು, ಸೊಂಟ ಎಲ್ಲ ಬಿಗಿಹಿಡಿದು ಹಿಂದಕ್ಕೆ ಒತ್ತುತ್ತಿರುತ್ತೇವೆ. ಚಕ್ರ ನಿಂತ ಕ್ಷಣ ವೇಗ ಇಳಿಯುವುದು ಒಮ್ಮೆಲೇ ಮುಗಿಯುತ್ತದೆ. ಬಸ್ಸಿನ ಕಡೆಯಿಂದ ಮುಂದಕ್ಕೆ ತಳ್ಳಿದ ಅನುಭವ ಮಾಯವಾಯಿತು, ನಮ್ಮ ಮೈಯ ಬಿಗಿ ಇನ್ನೂ ಉಳಿದಿದೆ. ಅದೇ ನಮ್ಮನ್ನು ಹಿಂದಕ್ಕೆ ಎಸೆಯುತ್ತದೆ. ಮುಂದಕ್ಕೆ ಬಾಗಿದ್ದ ಬಸ್ಸಿನ ಸ್ಪ್ರಿಂಗ್‌ಗಳೂ ಆಗಲೇ ಹಿಂದಕ್ಕೆ ಪುಟಿಯುತ್ತವೆ. ವೇಗ ಬದಲಾಗುವುದಕ್ಕೆ ವೇಗೋತ್ಕರ್ಷ ಎಂದು ಹೆಸರಿರುವ ಹಾಗೆ, ವೇಗೋತ್ಕರ್ಷವೇ ಬದಲಾಗುವುದಕ್ಕೂ ಭೌತಶಾಸ್ತ್ರದಲ್ಲಿ ಒಂದು ಹೆಸರಿದೆ. ಅದು ಅಪ್ಪ ಆಡಿದ ಪದವೇ, ಜರ್ಕ್. ಮೆಟ್ರೋ ಗಾಡಿಗಳನ್ನು ರೂಪಿಸುವಾಗ ಎಂಜಿನಿಯರುಗಳು ಅದಕ್ಕೂ ಒಂದು ಮಿತಿ ಇಡುತ್ತಾರೆ, ನಿಂತ ಜನ ಬೀಳಬಾರದೆಂದು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಜೊತೆ ಬಹಳ ಕಾಲ ಡ್ಯೂಟಿ ಮಾಡಿದ ಒಬ್ಬ ಡ್ರೈವರ್ ಬಗ್ಗೆ ಹೇಳಿದರು. ಅವರ ಬಸ್ಸಿನಲ್ಲಿ ಈ ಜರ್ಕ್ ಇರುತ್ತಲೇ ಇರಲಿಲ್ಲವಂತೆ. ನಿಲ್ಲಲು ಇನ್ನು ಒಂದು ಮಾರು ಇದೆ ಅನ್ನುವಾಗ ಅವರು ಬ್ರೇಕಿನಿಂದ ಕಾಲನ್ನು ಮೆತ್ತಗೆ ಎತ್ತಿಬಿಡುತ್ತಿದ್ದರು, ಬಸ್ಸು ತಾನೇ ಹೋಗಿ ನಿಂತುಕೊಳ್ಳುತ್ತಿತ್ತು. "ಬಸುರಿ ಹೆಂಗಸ್ರು ಅವನ ಬಸ್ಸಿಗೇ ಕಾಯ್ತಿದ್ರು" ಅಂದರು ಅಪ್ಪ, ಬಲಗಾಲನ್ನು ನೆಲದಿಂದ ಒಂದಿಂಚು ಎತ್ತಿ, ನಿಧಾನವಾಗಿ, ಅವರು ಹೇಗೆ ಮಾಡುತ್ತಿದ್ದರೆಂದು ನನಗೆ ತೋರಿಸುತ್ತಾ.